ಔಷಧ ಹಿಂಪಡೆತ ಮತ್ತು ಲೆಕ್ಕಪತ್ರ: ವಯಾಕ್ಸ್ ಪ್ರಕರಣದ ಪಾಠ

ಮಾರಿದ ಸರಕು ಮರಳಿ ಬರುವುದು ವ್ಯಾಪಾರದಲ್ಲಿ ಹೊಸ ಸಂಗತಿಯಲ್ಲ. ಬಟ್ಟೆ, ಬಣ್ಣ, ಯಂತ್ರದ ಬಿಡಿಭಾಗ ಇತ್ಯಾದಿಗಳಲ್ಲಿ ದೋಷ ಕಂಡುಬಂದರೆ ಸರಕನ್ನು ಬದಲಿಸಿಕೊಟ್ಟು ವ್ಯವಹಾರವನ್ನು ಮುಗಿಸಬಹುದು. ಔಷಧದ ವಿಷಯ ಹಾಗಲ್ಲ. ದೋಷ ತಿಳಿಯುವ ಹೊತ್ತಿಗೆ ಸರಕಿನ ಒಂದು ಭಾಗ ರೋಗಿಗಳ ದೇಹವನ್ನು ಸೇರಿರುತ್ತದೆ. ಅದನ್ನು ಹಿಂಪಡೆಯಲು ಸಾಧ್ಯವಿಲ್ಲ. ಆದುದರಿಂದ ಔಷಧದ ಹಿಂಪಡೆತದಲ್ಲಿ ಎರಡು ಬಗೆಯ ವೆಚ್ಚಗಳಿರುತ್ತವೆ. ಮೊದಲನೆಯದು ಸರಕನ್ನು ಮರಳಿ ತರುವ ವೆಚ್ಚ. ಇದನ್ನು ಲೆಕ್ಕ ಹಾಕಬಹುದು. ಎರಡನೆಯದು ಎಚ್ಚರಿಕೆ ತಡವಾದುದರ ವೆಚ್ಚ. ಇದು ಎಷ್ಟಾದೀತೆಂದು ಮುಂಚಿತವಾಗಿ ಹೇಳಲಾಗದು. ಅಮೆರಿಕದ ಮರ್ಕ್ ಕಂಪನಿಯ ವಯಾಕ್ಸ್ ಪ್ರಕರಣವು ಈ ವ್ಯತ್ಯಾಸವನ್ನು ಅಂಕಿಅಂಶಗಳಲ್ಲಿಯೇ ತೋರಿಸುತ್ತದೆ.

1. ಪ್ರಕರಣದ ಹಿನ್ನೆಲೆ

ವಯಾಕ್ಸ್ ಎಂಬುದು ರೋಫೆಕಾಕ್ಸಿಬ್ ಎಂಬ ನೋವು ನಿವಾರಕದ ವ್ಯಾಪಾರನಾಮ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರ ಮೇ ತಿಂಗಳಿನಲ್ಲಿ ಇದಕ್ಕೆ ಅನುಮತಿ ನೀಡಿತು. ಸಂಧಿವಾತದ ರೋಗಿಗಳಿಗೆ ಹೊಟ್ಟೆಹುಣ್ಣಿನ ತೊಂದರೆ ಕಡಿಮೆಯಾಗುವುದೆಂಬುದು ಇದರ ಮುಖ್ಯ ಆಕರ್ಷಣೆಯಾಗಿತ್ತು. 80ಕ್ಕೂ ಹೆಚ್ಚು ದೇಶಗಳಲ್ಲಿ ಇದು ಮಾರಾಟವಾಯಿತು. 2003ನೆಯ ಸಾಲಿನ ಮಾರಾಟ ಸುಮಾರು 250 ಕೋಟಿ ಡಾಲರ್‌ಗಳಷ್ಟಿತ್ತು.

ಮೊದಲ ಎಚ್ಚರಿಕೆ ಬಂದುದು 2000ದಲ್ಲಿ. ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ 'ವಿಗರ್' ಎಂಬ ಅಧ್ಯಯನದಲ್ಲಿ, ನ್ಯಾಪ್ರೋಕ್ಸೆನ್ ಎಂಬ ಹಳೆಯ ಔಷಧ ಸೇವಿಸಿದವರಿಗಿಂತ ವಯಾಕ್ಸ್ ಸೇವಿಸಿದವರಲ್ಲಿ ಹೃದಯಾಘಾತಗಳು ಹೆಚ್ಚಾಗಿ ಕಂಡುಬಂದವು. ಇದಕ್ಕೆ ಎರಡು ಅರ್ಥಗಳು ಸಾಧ್ಯವಿದ್ದವು: ವಯಾಕ್ಸ್ ಹೃದಯಕ್ಕೆ ಹಾನಿಕರವಾಗಿರಬಹುದು, ಅಥವಾ ನ್ಯಾಪ್ರೋಕ್ಸೆನ್ ಹೃದಯವನ್ನು ರಕ್ಷಿಸುತ್ತಿರಬಹುದು. ಕಂಪನಿಯು ತನಗೆ ಅನುಕೂಲವಾದ ಎರಡನೆಯ ಅರ್ಥವನ್ನು ಪ್ರತಿಪಾದಿಸಿತು. ಪ್ರಚಾರದಲ್ಲಿ ಹೃದಯಸಂಬಂಧಿ ಅಪಾಯವನ್ನು ಕಡಿಮೆ ಮಾಡಿ ತೋರಿಸಲಾಗುತ್ತಿದೆ ಎಂದು ಆಡಳಿತವು 2001ರ ಸೆಪ್ಟೆಂಬರ್‌ನಲ್ಲಿ ಕಂಪನಿಗೆ ಎಚ್ಚರಿಕೆಯ ಪತ್ರ ಬರೆಯಿತು. ಔಷಧದ ಲೇಬಲ್‌ನಲ್ಲಿ ಈ ಮಾಹಿತಿ ಸೇರಿದುದು 2002ರ ಏಪ್ರಿಲ್‌ನಲ್ಲಿ.

ಕೊನೆಗೆ 'ಅಪ್ರೂವ್' ಎಂಬ ಮತ್ತೊಂದು ಅಧ್ಯಯನದಲ್ಲಿ, ಔಷಧರಹಿತ ಗುಳಿಗೆ ಪಡೆದವರಿಗೆ ಹೋಲಿಸಿದರೆ ವಯಾಕ್ಸ್ ಸೇವಿಸಿದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನಂತಹ ಘಟನೆಗಳು ಸುಮಾರು ಎರಡು ಪಟ್ಟು ಇರುವುದು ದೃಢಪಟ್ಟಿತು. ಇಲ್ಲಿ ನ್ಯಾಪ್ರೋಕ್ಸೆನ್‌ನ ಸಮರ್ಥನೆಗೆ ಎಡೆಯಿರಲಿಲ್ಲ. 2004ರ ಸೆಪ್ಟೆಂಬರ್ 30ರಂದು ಕಂಪನಿಯು ತಾನಾಗಿಯೇ ಔಷಧವನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತ ಸರ್ಕಾರವೂ ರೋಫೆಕಾಕ್ಸಿಬ್‌ನ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿತು. ಅಮೆರಿಕವೊಂದರಲ್ಲಿಯೇ 88,000ದಿಂದ 1,40,000 ಮಂದಿ ಈ ಔಷಧದಿಂದಾಗಿ ಗಂಭೀರ ಹೃದ್ರೋಗಕ್ಕೆ ತುತ್ತಾಗಿರಬಹುದೆಂದು ಔಷಧ ಆಡಳಿತದ ವಿಜ್ಞಾನಿ ಡೇವಿಡ್ ಗ್ರಹಾಂ ಮತ್ತು ಸಂಗಡಿಗರು 2005ರಲ್ಲಿ ಅಂದಾಜಿಸಿದರು.

2. ಲೆಕ್ಕಪತ್ರಗಳು ಹೇಳುವುದೇನು?

ಹಿಂಪಡೆತಕ್ಕಾಗಿ ಮರ್ಕ್ ಕಂಪನಿ 2004ನೆಯ ಸಾಲಿನಲ್ಲಿ ದಾಖಲಿಸಿದ ಮೊತ್ತ ಹೀಗಿದೆ:

ಗಿರಾಕಿಗಳಿಂದ ಮರಳುವ ಸರಕು (ಮಾರಾಟದಿಂದ ಕಡಿತ) – 49.16 ಕೋಟಿ ಡಾಲರ್
ಕಂಪನಿಯಲ್ಲಿದ್ದ ದಾಸ್ತಾನಿನ ವಜಾ – 9.32 ಕೋಟಿ ಡಾಲರ್
ಹಿಂಪಡೆಯುವ ಕಾರ್ಯದ ವೆಚ್ಚ – 14.14 ಕೋಟಿ ಡಾಲರ್
ಒಟ್ಟು – 72.62 ಕೋಟಿ ಡಾಲರ್

ಇದು ಮೊದಲನೆಯ ಬಗೆಯ ವೆಚ್ಚ. ದೊಡ್ಡ ಮೊತ್ತವಾದರೂ ಕಂಪನಿಯ ಶಕ್ತಿಗೆ ಮೀರಿದುದಲ್ಲ. ನ್ಯಾಯಾಲಯದ ಖರ್ಚಿಗೆಂದು ಅದೇ ವರ್ಷದ ಕೊನೆಯಲ್ಲಿ 67.5 ಕೋಟಿ ಡಾಲರ್ ತೆಗೆದಿರಿಸಲಾಯಿತು. ಆದರೆ ರೋಗಿಗಳಿಗೆ ನೀಡಬೇಕಾಗಬಹುದಾದ ಪರಿಹಾರಕ್ಕೆ ಒಂದು ಡಾಲರನ್ನೂ ತೆಗೆದಿರಿಸಲಿಲ್ಲ. ಮೊಕದ್ದಮೆಗಳ ಫಲಿತಾಂಶವನ್ನು ಅಂದಾಜಿಸಲಾಗದು ಎಂಬುದು ಕಂಪನಿಯ ನಿಲುವಾಗಿತ್ತು.

ಕಂಪನಿಯು ಹಲವು ಮೊಕದ್ದಮೆಗಳಲ್ಲಿ ಗೆದ್ದುದೂ ಉಂಟು. ಆದರೂ ಸಾವಿರಾರು ದಾವೆಗಳನ್ನು ಒಂದೊಂದಾಗಿ ನಡೆಸುವುದು ಅಸಾಧ್ಯವಾಗಿ, 2007ರ ನವೆಂಬರ್‌ನಲ್ಲಿ 485 ಕೋಟಿ ಡಾಲರ್‌ಗಳ ರಾಜಿಗೆ ಒಪ್ಪಿತು. ಔಷಧಕ್ಕೆ ಅನುಮತಿಯಿಲ್ಲದ ಉಪಯೋಗವನ್ನು ಪ್ರಚಾರ ಮಾಡಿದುದೂ ಸೇರಿದಂತೆ ಸರ್ಕಾರ ಹೂಡಿದ್ದ ಪ್ರಕರಣಗಳನ್ನು 2011ರಲ್ಲಿ 95 ಕೋಟಿ ಡಾಲರ್‌ಗಳಿಗೆ ಇತ್ಯರ್ಥಪಡಿಸಿಕೊಂಡಿತು. ಈ ಎರಡೇ ಬಾಬ್ತುಗಳು ಸೇರಿ 580 ಕೋಟಿ ಡಾಲರ್, ಅಂದರೆ ಹಿಂಪಡೆತದ ವೆಚ್ಚದ ಸುಮಾರು ಎಂಟು ಪಟ್ಟು. ಸರಕನ್ನು ಮರಳಿ ತರುವ ವೆಚ್ಚವನ್ನು ಉಳಿಸಲು ಹೋಗಿ ತಡಮಾಡಿದರೆ ನಷ್ಟ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

3. ಸಣ್ಣ ತಯಾರಕರಿಗೆ ಒಂದು ಮಾದರಿ ಲೆಕ್ಕ

ತಯಾರಕರೊಬ್ಬರು ಫೆಬ್ರವರಿಯಲ್ಲಿ ಒಂದು ಬ್ಯಾಚಿನಲ್ಲಿ 10,000 ಪೆಟ್ಟಿಗೆ ಔಷಧ ತಯಾರಿಸಿದರೆಂದು ಭಾವಿಸೋಣ. ಒಂದರ ತಯಾರಿಕಾ ವೆಚ್ಚ 120 ರೂ., ಮಾರಾಟ ಬೆಲೆ 200 ರೂ. ಮಾರ್ಚ್ 31ರೊಳಗೆ 6,000 ಪೆಟ್ಟಿಗೆ ಮಾರಾಟವಾಗಿ 4,000 ಗೋದಾಮಿನಲ್ಲಿ ಉಳಿದಿವೆ. ಏಪ್ರಿಲ್ 20ರಂದು ಆ ಬ್ಯಾಚ್ ಗುಣಮಟ್ಟದ ಪರೀಕ್ಷೆಯಲ್ಲಿ ವಿಫಲವಾದ ವರದಿ ಬರುತ್ತದೆ. ಮಾರಿದುದರಲ್ಲಿ 4,500 ಪೆಟ್ಟಿಗೆ ಮರಳುವ ನಿರೀಕ್ಷೆಯಿದೆ.

ಗಿರಾಕಿಗಳಿಗೆ ಮರುಪಾವತಿ (4,500 × 200) – 9,00,000 ರೂ.
ದಾಸ್ತಾನಿನ ವಜಾ (4,000 × 120) – 4,80,000 ರೂ.
ಸಾಗಣೆ, ಪ್ರಕಟಣೆ, ನಾಶಪಡಿಸುವ ವೆಚ್ಚ – 1,20,000 ರೂ.
ಒಟ್ಟು ನಷ್ಟ – 15,00,000 ರೂ.

ಈ ನಷ್ಟ ಯಾವ ವರ್ಷಕ್ಕೆ ಸೇರಬೇಕು? ವರದಿ ಬಂದುದು ಏಪ್ರಿಲ್‌ನಲ್ಲಾದರೂ ದೋಷ ಇದ್ದುದು ಫೆಬ್ರವರಿಯಿಂದ. ಅಢಾವೆ ಪತ್ರಿಕೆಗೆ ಸಹಿ ಬೀಳುವ ಮುನ್ನ ಇಂತಹ ಸಂಗತಿ ತಿಳಿದರೆ, ಲೆಕ್ಕಪತ್ರ ಮಾನಕ 4ರ ಪ್ರಕಾರ ಸಾಮಾನ್ಯವಾಗಿ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕದಲ್ಲಿಯೇ ಅದನ್ನು ಸರಿಪಡಿಸಬೇಕು.

ರೋಗಿಗಳ ಪರಿಹಾರದ ವಿಷಯದಲ್ಲಿ ಮಾನಕ 29 ಅನ್ವಯಿಸುತ್ತದೆ. ಹಿಂದೆ ನಡೆದ ಘಟನೆಯಿಂದ ಹೊಣೆ ಹುಟ್ಟಿದ್ದು, ಹಣ ಕೊಡಬೇಕಾಗುವ ಸಂಭವ ಹೆಚ್ಚಾಗಿದ್ದು, ಮೊತ್ತವನ್ನು ನಂಬಲರ್ಹವಾಗಿ ಅಂದಾಜಿಸಬಹುದಾದರೆ ಪ್ರಾವಿಜನ್ ಮಾಡಬೇಕು. ಈ ಷರತ್ತುಗಳು ಪೂರ್ಣವಾಗದಿದ್ದರೆ, ಸಂಭವ ತೀರಾ ದೂರವಾದುದಲ್ಲದ ಪಕ್ಷದಲ್ಲಿ, ಸಂಭಾವ್ಯ ಹೊಣೆಯೆಂದು ಟಿಪ್ಪಣಿಯಲ್ಲಿ ತಿಳಿಸಬೇಕು. ಟಿಪ್ಪಣಿಯಲ್ಲಿರುವ ಹೊಣೆಯನ್ನು ಇಲ್ಲದ ಹೊಣೆಯೆಂದು ತಿಳಿಯುವುದು ಅಪಾಯಕರ ಎಂಬುದನ್ನು ಮೇಲಿನ 485 ಕೋಟಿ ಡಾಲರ್ ಸ್ಪಷ್ಟಪಡಿಸುತ್ತದೆ.

ಸರಕು ಮತ್ತು ಸೇವಾ ತೆರಿಗೆಯನ್ನೂ ಮರೆಯಬಾರದು. ನಾಶಪಡಿಸಿದ ಸರಕಿಗೆ ಸಂಬಂಧಿಸಿದ ಹೂಡುವಳಿ ತೆರಿಗೆ ಜಮೆಯನ್ನು ಕಲಂ 17(5)ರ ಮೇರೆಗೆ ಹಿಂದಿರುಗಿಸಬೇಕು. ಮರಳಿದ ಸರಕಿನ ಮೇಲಿನ ತೆರಿಗೆಯನ್ನು ಕಡಿಮೆ ಮಾಡಿಕೊಳ್ಳಲು, ಮಾರಾಟದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಕ್ರೆಡಿಟ್ ನೋಟ್ ಅನ್ನು ವಿವರಪಟ್ಟಿಯಲ್ಲಿ ತೋರಿಸಬೇಕು. ಖರೀದಿದಾರರೂ ತಮ್ಮ ಜಮೆಯನ್ನು ಅಷ್ಟರಮಟ್ಟಿಗೆ ಹಿಂದಿರುಗಿಸಬೇಕು.

4. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳ ಹೊಣೆ

'ನಾವು ತಯಾರಿಸಿದವರಲ್ಲ, ಮಾರಿದವರು ಮಾತ್ರ' ಎಂಬ ಉತ್ತರ ಎಲ್ಲ ಸಂದರ್ಭಗಳಲ್ಲಿಯೂ ನಿಲ್ಲದು. ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮ, 1940ರ ಕಲಂ 19(3) ವ್ಯಾಪಾರಿಗೆ ರಕ್ಷಣೆ ನೀಡುತ್ತದೆ. ಆದರೆ ಅದಕ್ಕೆ ಮೂರು ಅಂಶಗಳನ್ನು ಅವನೇ ಸಾಬೀತುಪಡಿಸಬೇಕು: ಲೈಸೆನ್ಸ್ ಹೊಂದಿದವರಿಂದಲೇ ಕೊಂಡಿರಬೇಕು, ದೋಷ ತಿಳಿದಿರಬಾರದು, ಸಾಮಾನ್ಯ ಎಚ್ಚರದಿಂದ ತಿಳಿಯುವಂತೆಯೂ ಇರಬಾರದು, ಸರಕನ್ನು ಸರಿಯಾಗಿ ಸಂಗ್ರಹಿಸಿಟ್ಟು, ಕೊಂಡ ಸ್ಥಿತಿಯಲ್ಲಿಯೇ ಉಳಿಸಿರಬೇಕು. ಖರೀದಿ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಇಲ್ಲದಿದ್ದರೆ ಮೊದಲನೆಯ ಅಂಶವನ್ನೇ ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಕಲಂ 86 ಇನ್ನೂ ಮುಂದೆ ಹೋಗುತ್ತದೆ. ಅಪಾಯದ ಬಗ್ಗೆ ತಯಾರಕರು ನೀಡಿದ ಎಚ್ಚರಿಕೆಯನ್ನು ಗ್ರಾಹಕರಿಗೆ ತಲಪಿಸದೆ, ಅದರಿಂದ ಹಾನಿಯುಂಟಾದರೆ ಮಾರಾಟಗಾರನೇ ಹೊಣೆಯಾಗಬಹುದು. ತಯಾರಕರು ಯಾರೆಂದು ತಿಳಿಯದಿದ್ದಾಗಲೂ ಹೊಣೆ ಮಾರಾಟಗಾರನತ್ತ ತಿರುಗಬಹುದು.

ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿಗಳು ಹಿಂಪಡೆತವನ್ನು ಅಪಾಯಕ್ಕೆ ಅನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸಿವೆ. ಪ್ರಾಣಾಪಾಯದ ಸಾಧ್ಯತೆಯಿರುವ ಮೊದಲ ವರ್ಗದಲ್ಲಿ 24 ಗಂಟೆಗಳಿಂದ ಗರಿಷ್ಠ 72 ಗಂಟೆಗಳೊಳಗೆ ಕೆಲಸ ಮುಗಿಯಬೇಕು. ಉಳಿದೆರಡಕ್ಕೆ 10 ದಿನ ಮತ್ತು 30 ದಿನಗಳ ಅವಧಿಯಿದೆ. ಯಾವ ಬ್ಯಾಚ್ ಯಾವ ಅಂಗಡಿಗೆ ಹೋಯಿತೆಂದು ಹುಡುಕುವುದರಲ್ಲಿಯೇ ಮೂರು ದಿನ ಕಳೆದರೆ ಗಡುವು ಪಾಲಿಸಲಾಗದು. ಆ ಮೂರು ದಿನಗಳಲ್ಲಿ ಮತ್ತಷ್ಟು ರೋಗಿಗಳು ಅದೇ ಔಷಧವನ್ನು ಸೇವಿಸಿರುತ್ತಾರೆ.

5. ಅನುಸರಿಸಬೇಕಾದ ಕ್ರಮಗಳು

(ಅ) ಖರೀದಿ ಮತ್ತು ಮಾರಾಟದ ಪ್ರತಿಯೊಂದು ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇರಲಿ. ವರ್ಷಕ್ಕೊಮ್ಮೆಯಾದರೂ ಒಂದು ಬ್ಯಾಚನ್ನು ಆರಿಸಿ, ಅದು ಎಲ್ಲೆಲ್ಲಿ ಹೋಗಿದೆಯೆಂದು ಎಷ್ಟು ಗಂಟೆಗಳಲ್ಲಿ ಪತ್ತೆ ಮಾಡಬಹುದೆಂದು ಪರೀಕ್ಷಿಸಬೇಕು.

(ಆ) ಗಿರಾಕಿಗಳ ಮತ್ತು ವೈದ್ಯರ ದೂರುಗಳಿಗೆ ಪ್ರತ್ಯೇಕ ಪುಸ್ತಕವಿಟ್ಟು, ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯೊಡನೆ ಬರೆದಿಡಬೇಕು. ತಯಾರಕರಿಗೆ ಲಿಖಿತವಾಗಿ ತಿಳಿಸಿ ಪ್ರತಿ ಇಟ್ಟುಕೊಳ್ಳಬೇಕು.

(ಇ) ಹಿಂಪಡೆತದ ಸೂಚನೆ ಬಂದೊಡನೆ ಮಾರಾಟ ನಿಲ್ಲಿಸಿ, ಆ ಸರಕನ್ನು ಬೇರೆಯಾಗಿರಿಸಿ, 'ಮಾರಾಟಕ್ಕಲ್ಲ' ಎಂದು ಗುರುತು ಹಾಕಬೇಕು.

(ಈ) ವಿಮಾ ಪಾಲಿಸಿಯನ್ನು ಓದಿ ನೋಡಬೇಕು. ಉತ್ಪನ್ನ ಹೊಣೆ ವಿಮೆ ಸಾಮಾನ್ಯವಾಗಿ ಗಾಯಗೊಂಡವರ ಪರಿಹಾರಕ್ಕೆ ಮಾತ್ರ. ಹಿಂಪಡೆತದ ವೆಚ್ಚಕ್ಕೆ ಪ್ರತ್ಯೇಕ ರಕ್ಷಣೆ ಬೇಕಾಗುತ್ತದೆ.

(ಉ) ದೂರು ಅಥವಾ ಪರೀಕ್ಷಾ ವರದಿಗೆ ಎರಡು ಅರ್ಥಗಳು ಸಾಧ್ಯವಾದಾಗ, ವ್ಯಾಪಾರಕ್ಕೆ ಅನುಕೂಲವಾದುದನ್ನಲ್ಲ, ರೋಗಿಗೆ ಸುರಕ್ಷಿತವಾದುದನ್ನು ಮೊದಲು ಸ್ವೀಕರಿಸಬೇಕು.

ಲೆಕ್ಕಶಾಸ್ತ್ರದಲ್ಲಿ ವಿವೇಕದ ತತ್ತ್ವವೆಂಬುದೊಂದಿದೆ: ಕೈಸೇರದ ಲಾಭವನ್ನು ಎಣಿಸಬಾರದು, ನಿರೀಕ್ಷಿತ ನಷ್ಟವನ್ನು ಬಿಡಬಾರದು. ಔಷಧ ವ್ಯಾಪಾರದಲ್ಲಿ ಈ ತತ್ತ್ವ ಪುಸ್ತಕಕ್ಕಷ್ಟೇ ಸೀಮಿತವಲ್ಲ. ಸಂಶಯ ಬಂದ ದಿನವೇ ಮಾರಾಟ ನಿಲ್ಲಿಸಿದವರ ನಷ್ಟವನ್ನು ಲಾಭ-ನಷ್ಟ ಖಾತೆಯ ಒಂದು ಸಾಲಿನಲ್ಲಿ ಬರೆದು ಮುಗಿಸಬಹುದು. ರೋಗಿಯ ಪ್ರಾಣನಷ್ಟವನ್ನು ಬರೆಯಲು ಯಾವ ಖಾತೆಯೂ ಇಲ್ಲ.