ಗೇರ್‌ಪೆಟ್ಟಿಗೆಯನ್ನು ಬದಲಿಸುವುದು ಯಾವಾಗ?

ಹಳೆಯ ಕಾರು ಕೊಳ್ಳಹೊರಟ ವಾಚಕ ಮಿತ್ರರಿಗಾಗಿ ಈ ನಾಲ್ಕು ಮಾತು ಬರೆಯುತ್ತಿದ್ದೇವೆ. ಅಮೆರಿಕದಲ್ಲಿ ೨೦೦೭ರಲ್ಲಿ ಮಾರಾಟಕ್ಕೆ ಬಂದ ನಿಸ್ಸಾನ್ ರೋಗ್ ಎಂಬ ಸಣ್ಣ ಕ್ರಾಸ್‌ಓವರ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಇದರ ಗೇರ್‌ಪೆಟ್ಟಿಗೆಗೆ ಸಿವಿಟಿ ಎಂದು ಹೆಸರು. ಹಿಗ್ಗಿ ಕುಗ್ಗುವ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಾ ಓಡುತ್ತದೆ. ಗಿರಣಿಯ ಸ್ಪೀಡ್ ಫ್ರೇಮಿನಲ್ಲಿ ಎರಡು ಶಂಕುಗಳ ಮೇಲೆ ಪಟ್ಟಾ ಸರಿದಂತೆ ಬಾಬಿನ್ನಿನ ವೇಗ ಬದಲಾಗುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ. ಆದರೆ ಇಲ್ಲಿ ಪಟ್ಟಾವನ್ನು ಬಿಗಿಹಿಡಿಯುವುದು ಎಣ್ಣೆಯ ಒತ್ತಡ. ಎಣ್ಣೆ ಕಾದು ಕೆಟ್ಟು ಒತ್ತಡ ತಗ್ಗಿದರೆ ಪಟ್ಟಾ ಜಾರಿ ರಾಟೆಯ ಮೈ ಗೀರುತ್ತದೆ. ಆ ಉಕ್ಕಿನ ಪುಡಿ ಎಣ್ಣೆಗೆ ಸೇರಿ ಕವಾಟಗಳನ್ನೂ ಕೆಡಿಸುತ್ತದೆ. ಹೊರಡುವಾಗ ನಡುಕ, ಎಂಜಿನ್ ಅಬ್ಬರಿಸಿದರೂ ಏರದ ವೇಗ, ದಿಬ್ಬದಲ್ಲಿ ತಾನಾಗಿ ಸೋಲುವ ಓಟ ಇವೇ ಕುರುಹು.

ಕಂಪೆನಿ ಮೊದಲು ೫ ವರ್ಷ ಅಥವಾ ೬೦,೦೦೦ ಮೈಲಿಯವರೆಗೆ (ಸುಮಾರು ೯೬,೦೦೦ ಕಿ.ಮೀ.) ಹೊಣೆ ಹೊತ್ತಿತ್ತು. ಬಳಿಕ ೨೦೧೦ರವರೆಗಿನ ಮಾದರಿಗಳಿಗೆ ಅದನ್ನು ೧೦ ವರ್ಷ ಅಥವಾ ೧,೨೦,೦೦೦ ಮೈಲಿಗೆ ಹಿಗ್ಗಿಸಿತು. ಇದು ಹೊಣೆಯ ಲೆಕ್ಕವೇ ಹೊರತು ಆಯುಸ್ಸಿನ ಲೆಕ್ಕವಲ್ಲ.

ಗ್ಯಾರೇಜಿನವರು ‘ಪೆಟ್ಟಿಗೆಯೇ ಹೋಯಿತು’ ಎಂದ ಕೂಡಲೆ ಹಣ ಎಣಿಸಬೇಡಿ. ಮೊದಲು ಎಣ್ಣೆ ಇಳಿಸಿ ನೋಡಿಸಿ. ನುಣ್ಣನೆಯ ಬೂದಿಯಂಥ ಪುಡಿ ಸಹಜ. ಎಣ್ಣೆ ಬದಲಿಸಿದರೆ ನಡುಕ ನಿಲ್ಲುವುದೂ ಉಂಟು. ಉಕ್ಕಿನ ಚೂರುಗಳೇ ಸಿಕ್ಕರೆ ಮಾತ್ರ ಪೆಟ್ಟಿಗೆ ಬದಲಿಸುವ ಮಾತು. ಕೊಳ್ಳುವವರಂತೂ ಎಣ್ಣೆ ಬದಲಿಸಿದ ರಸೀದಿಯನ್ನು ಕೇಳಿ ಪಡೆಯಬೇಕು. ಅದಿಲ್ಲದಿದ್ದರೆ ಬೆಲೆ ಇಳಿಸಿಯೇ ಮಾತಾಡಬೇಕು.