ದಾಸೋಹಕ್ಕೆ ವಿಚಾರಣೆ ಬೇಡವೆ?

ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುದೇವರು ಅಲ್ಲಿಗೆ ಬಂದ ಪ್ರಸಂಗವನ್ನು ಶೂನ್ಯಸಂಪಾದನೆಯನ್ನು ಓದಿದ ಸದ್ಭಕ್ತರೆಲ್ಲರೂ ಬಲ್ಲರು. ಊರಿಗೆ ನೀರು, ಹಸಿದವರಿಗೆ ಅನ್ನ, ದಣಿದವರಿಗೆ ನೆರಳು ಎಂಬ ಲೋಕೋಪಕಾರದ ಕಾರ್ಯವು ಭರದಿಂದ ಸಾಗಿದ್ದಿತು. ಅದರ ನಡುವೆ ಬಂದು ನಿಂತ ಪ್ರಭುದೇವರು ಸಿದ್ಧರಾಮರನ್ನು ಹಗುರವಾಗಿ ಹೆಸರಿಟ್ಟು ಕರೆದು, ಈ ಕೆಲಸದಲ್ಲೆಲ್ಲ 'ನಾನು ಮಾಡಿದೆ' ಎಂಬುದು ಎಷ್ಟಿದೆಯೆಂದು ಕೆದಕಿದರು. ಕೆಲಸದವರಿಗೆ ಸಿಟ್ಟು ಬಂದಿತು, ಕಲ್ಲುಗಳನ್ನೆಸೆದರು. ಆದರೆ ಸಿದ್ಧರಾಮರು ಕಡೆಗೆ ಆ ಪ್ರಶ್ನೆಗೆ ಕಿವಿಗೊಟ್ಟರು, ಪ್ರಭುದೇವರ ಹಿಂದೆ ಕಲ್ಯಾಣಕ್ಕೆ ನಡೆದರು.

ಈ ಪ್ರಸಂಗದಲ್ಲಿ ಅಧ್ಯಾತ್ಮದ ಅರ್ಥವೇ ಮುಖ್ಯವಾದುದು. ಆದರೂ ಗೃಹಸ್ಥರು ಗಮನಿಸತಕ್ಕ ಇನ್ನೊಂದು ಸಂಗತಿಯು ಇದರಲ್ಲಿದೆ. ಕಾರ್ಯವು ಒಳ್ಳೆಯದೆಂಬ ಮಾತ್ರಕ್ಕೆ ಅದು ಪ್ರಶ್ನೆಗೆ ಅತೀತವಾಗಲಿಲ್ಲ. ಕೇಳಿದವರ ಮೇಲೆ ಕಲ್ಲೆಸೆದವರು ಸುತ್ತಲಿನವರೇ ಹೊರತು ಸಿದ್ಧರಾಮರಲ್ಲ. 'ಧರ್ಮಕಾರ್ಯಕ್ಕೆ ಲೆಕ್ಕ ಕೇಳುವುದೆ?' ಎಂದು ಇಂದು ಮುನಿಯುವವರು ತಾವು ಯಾರ ಸಾಲಿನಲ್ಲಿ ನಿಂತಿರುವೆವೆಂಬುದನ್ನು ಯೋಚಿಸುವುದು ಲೇಸು.

ಅಂದಿನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. 1870ರ ದಶಕದಲ್ಲಿ ಅಲ್ಲಿ ಮೊದಲ ದೊಡ್ಡ ನೂಲಿನ ಗಿರಣಿ ಏರ್ಪಟ್ಟಿತು. ವಿಜಯಪುರ, ಕಲಬುರಗಿ, ಅಕ್ಕಲಕೋಟೆಗಳ ಕಡೆಯಿಂದ ಕನ್ನಡದ ಕುಟುಂಬಗಳೂ ತೆಲಂಗಾಣದ ಕಡೆಯಿಂದ ನೇಕಾರರೂ ಬಂದು ನೆಲೆಸಿದರು. 'ಜುನಿ ಗಿರಣಿ' ಎಂದು ಜನರು ಕರೆಯುತ್ತಿದ್ದ ಆ ಮೊದಲ ಗಿರಣಿಯು 1963ರಲ್ಲಿ ಮುಚ್ಚಿತು. ಮುಂದಿನ ದಶಕಗಳಲ್ಲಿ ಉಳಿದ ದೊಡ್ಡ ಗಿರಣಿಗಳೂ ನಿಂತುಹೋದವು. ಈಗ ಊರಿಗೆ ಅನ್ನವನ್ನು ಕೊಡುತ್ತಿರುವುದು ಚಾದರ, ಟವೆಲುಗಳನ್ನು ನೇಯುವ ವಿದ್ಯುತ್ ಮಗ್ಗಗಳು ಮತ್ತು ಹೆಂಗಸರು ಮನೆಯಲ್ಲಿ ಕುಳಿತು ಸುತ್ತುವ ಬೀಡಿ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ತಂಬಾಕಿನ ಧೂಳು ಅಡಿಗೆಯ ಕೋಣೆಯಲ್ಲಿಯೇ. ಇಂತಹ ಊರಿನಲ್ಲಿ ನೆರವು ಬೇಕಾದ ಬಾಗಿಲುಗಳಿಗೆ ಕೊರತೆಯಿಲ್ಲ. ನೆರವಿನ ಹೆಸರನ್ನು ಹೇಳಿಕೊಂಡು ಬರುವವರಿಗೂ ಕೊರತೆಯಿಲ್ಲ.

ಸಂಕ್ರಾಂತಿಯ ಗಡ್ಡೆಯ ಜಾತ್ರೆ ಬಂದಿತೆಂದರೆ ರಸೀತಿ ಪುಸ್ತಕಗಳು ಅಂಗಡಿಯಿಂದ ಅಂಗಡಿಗೆ ತಿರುಗತೊಡಗುತ್ತವೆ. ಎಣಿಸುತ್ತ ಕುಳಿತ ವರ್ತಕನು ತಲೆಯೆತ್ತದೆಯೇ ಐದುನೂರರ ಒಂದು ನೋಟನ್ನು ಕೊಟ್ಟು ಕಳುಹುತ್ತಾನೆ. ಬಂದವರು ಬೇಗನೆ ಹೋಗಲೆಂಬುದೇ ಅವನ ಉದ್ದೇಶ. ಇದನ್ನು ದಾನವೆಂದು ಕರೆಯಬಹುದೇನೋ, ದಾಸೋಹವೆನ್ನಲಾಗದು. ದಾಸೋಹದಲ್ಲಿ ಕೊಡುವವನು ಸೇವಕನು. ಸೇವಕನಿಗೆ ತಾನು ಕೊಟ್ಟ ಅನ್ನವು ಹಸಿದವನ ಎಲೆಯನ್ನು ಮುಟ್ಟಿತೋ ಇಲ್ಲವೋ ಎಂದು ನೋಡುವ ಹೊಣೆಯು ಇದ್ದೇ ಇದೆ. ಕಾಯಕದಿಂದ ಬಂದ ಹಣವು ನಡುದಾರಿಯಲ್ಲಿ ಯಾರದೋ ಜೇಬನ್ನು ಸೇರಿದರೆ ಕೆಟ್ಟದ್ದು ಹಣ ಮಾತ್ರವಲ್ಲ. ಒಬ್ಬ ರೋಗಿಯ ಔಷಧವು ತಪ್ಪಿತು.

ವಿಚಾರಿಸುವ ದಾರಿಯು ಕಷ್ಟವಾದುದೇನಲ್ಲ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸಗಳ ಕಾಯಿದೆಯ ಪ್ರಕಾರ ಪ್ರತಿಯೊಂದು ಸಾರ್ವಜನಿಕ ಧರ್ಮಸಂಸ್ಥೆಯೂ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿಯಾಗಿರತಕ್ಕದ್ದು, ವರ್ಷವರ್ಷವೂ ಲೆಕ್ಕವನ್ನು ಒಪ್ಪಿಸತಕ್ಕದ್ದು, ವಿಶ್ವಸ್ತರು ಬದಲಾದರೆ ಅದನ್ನೂ ತಿಳಿಸತಕ್ಕದ್ದು. ಈ ಕಾಗದಗಳನ್ನು ಗೊತ್ತಾದ ಶುಲ್ಕವನ್ನು ಕಟ್ಟಿ ಸಾಮಾನ್ಯ ನಾಗರಿಕನೂ ನೋಡಲು ಕಾಯಿದೆಯಲ್ಲಿಯೇ ಅವಕಾಶವಿದೆ. ಹತ್ತು ವರ್ಷಗಳ ಹಿಂದೆ ತೀರಿಕೊಂಡವರು ಕಾಗದದಲ್ಲಿ ಇನ್ನೂ ವಿಶ್ವಸ್ತರಾಗಿಯೇ ಇದ್ದರೆ, ಅಲ್ಲಿ ಸಭೆ ಸೇರುವ ಪದ್ಧತಿಯು ಇಲ್ಲವೆಂದು ತಿಳಿಯಬಹುದು. ವಿಶ್ವಸ್ತರೆಲ್ಲರೂ ಒಂದೇ ಮನೆಯವರಾಗಿದ್ದು, ಸಂಸ್ಥೆಯು ಬಾಡಿಗೆ ಕೊಡುವ ಕಟ್ಟಡವೂ ಅವರದೇ ಆಗಿದ್ದರೆ ಇನ್ನೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಆದರೆ ನೋಂದಣಿಯ ಸಂಖ್ಯೆಯನ್ನೇ ಪ್ರಮಾಣಪತ್ರವೆಂದು ಭ್ರಮಿಸಲಾಗದು. ನೀತಿ ಆಯೋಗದ 'ದರ್ಪಣ' ಪಟ್ಟಿಯಲ್ಲಿ ಹೆಸರಿದೆಯೆಂದು ಕೆಲವರು ದೊಡ್ಡದಾಗಿ ಅಚ್ಚುಹಾಕಿಸುತ್ತಾರೆ. ಸಂಸ್ಥೆಯು ತನ್ನ ವಿವರವನ್ನು ಸಲ್ಲಿಸಿದೆಯೆಂಬುದಷ್ಟೇ ಅದರ ಅರ್ಥ.

ಮಕ್ಕಳ ವಿಷಯದಲ್ಲಿ ಮಾತ್ರ ಕಾಗದಕ್ಕೆ ಹೆಚ್ಚಿನ ಬೆಲೆಯುಂಟು. ಅನಾಥಾಶ್ರಮವೆಂಬ ಹೆಸರನ್ನು ಕೇಳಿದೊಡನೆ ಕರಗದ ಮನಸ್ಸಿಲ್ಲ. ಮೋಸಗಾರರಿಗೂ ಇದು ಗೊತ್ತು. 2015ರ ಬಾಲನ್ಯಾಯ ಕಾಯಿದೆಯಂತೆ ಮಕ್ಕಳನ್ನಿಟ್ಟು ಸಲಹುವ ಪ್ರತಿಯೊಂದು ಆಶ್ರಮವೂ ನೋಂದಣಿಯಾಗಿರಬೇಕು. ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಅಲ್ಲಿ ಸೇರಿದ ಮಗು ಮಕ್ಕಳ ಕಲ್ಯಾಣ ಸಮಿತಿಯ ಅರಿವಿಗೆ ಬಂದಿರಬೇಕು. ಆದ್ದರಿಂದ ಸಿಹಿಯ ಪೆಟ್ಟಿಗೆಯನ್ನು ಹಿಡಿದು ಹೋದ ಭಕ್ತನು ಮೊದಲು ಆ ಆದೇಶದ ಪ್ರತಿಯನ್ನು ಕೇಳುವುದು ಅವಿನಯವಲ್ಲ. ಇನ್ನೊಂದು ಮಾತನ್ನೂ ಕೇಳಬೇಕು: ಈ ಮಕ್ಕಳಲ್ಲಿ ತಾಯಿ ಇರುವವರು ಎಷ್ಟು ಮಂದಿ? ಹಲವೆಡೆ 'ಅನಾಥ'ರೆನಿಸಿಕೊಂಡವರ ತಾಯಂದಿರು ಬದುಕಿರುತ್ತಾರೆ. ಗಂಡನನ್ನು ಕಳೆದುಕೊಂಡು ಸಾಕಲಾರದೆ ಬಿಟ್ಟುಹೋಗಿರುತ್ತಾರೆ. ಬೀಡಿ ಸುತ್ತುವ ಆ ತಾಯಿಗೆ ನೆರವಾಗಿ ಮಗು ಅವಳ ಮಡಿಲಿನಲ್ಲಿಯೇ ಬೆಳೆಯುವಂತೆ ಮಾಡುವ ಸಂಸ್ಥೆಯು ತೋರಿಸಲು ಕಟ್ಟಡವಿಲ್ಲದ ಸಂಸ್ಥೆ. ಗೋಡೆಯಲ್ಲಿ ಹೆಸರನ್ನು ಕೆತ್ತಿಸಬೇಕೆಂಬವರಿಗೆ ಅದು ಹಿಡಿಸುವುದಿಲ್ಲ. ವಾಸ್ತವವಾಗಿ ಮೊದಲು ಹುಡುಕತಕ್ಕದ್ದು ಅಂತಹುದನ್ನೇ.

ಆಸ್ಪತ್ರೆಯ ವಿಷಯವೂ ಹೀಗೆಯೇ ಇದೆ. ಧರ್ಮಸಂಸ್ಥೆಯಾಗಿ ನೋಂದಣಿಯಾದ, ಕಾಯಿದೆಗೆ ಒಳಪಟ್ಟ ದೊಡ್ಡ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನು 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯ ದರದಲ್ಲಿಯೂ ಮೀಸಲಿಡಬೇಕು. ಬಿಲ್ಲಿನ ಮೊತ್ತದಲ್ಲಿ ನೂರಕ್ಕೆ 2ರಷ್ಟನ್ನು ಬಡರೋಗಿಗಳ ನಿಧಿಗೆ ಹಾಕಬೇಕು. 2006ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಮಂಜೂರುಮಾಡಿದ ಯೋಜನೆಯಿದು. ಮಗ್ಗದ ಕೂಲಿಯವನಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೂ ರೇಷನ್ ಕಾರ್ಡನ್ನೂ ವರಮಾನದ ದಾಖಲೆಯನ್ನೂ ಹಿಡಿದು ಕೌಂಟರಿನ ಮುಂದೆ ಮಾತನಾಡುವ ಧೈರ್ಯವಿಲ್ಲ. ಒಬ್ಬ ರೋಗಿಗೆ ಐದು ಸಾವಿರ ರೂಪಾಯಿಗಳನ್ನು ಕೊಟ್ಟು ಭಾವಚಿತ್ರವನ್ನು ತೆಗೆಸಿಕೊಳ್ಳುವ ಮಂಡಳಿ ಒಂದು. ಅರ್ಜಿಯನ್ನು ಬರೆದುಕೊಟ್ಟು ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಲಕ್ಷ ರೂಪಾಯಿಯ ಚಿಕಿತ್ಸೆಯನ್ನು ಅವನ ಹಕ್ಕಿನಿಂದಲೇ ದೊರಕಿಸಿಕೊಡುವ ಮಂಡಳಿ ಇನ್ನೊಂದು. ಎರಡನೆಯದರ ಖರ್ಚೆಲ್ಲ ಒಬ್ಬ ಕಾರ್ಯಕರ್ತನ ಸಂಬಳ ಮತ್ತು ರಿಕ್ಷಾ ಬಾಡಿಗೆ. 'ಹಣವೆಲ್ಲ ಸಂಬಳಕ್ಕೇ ಹೋಗುತ್ತದೆ' ಎಂದು ಅದನ್ನು ದೂರುವವರು ಲೆಕ್ಕವನ್ನು ಓದಬಲ್ಲರಾದರೂ ಕೆಲಸವನ್ನು ಕಂಡವರಲ್ಲ. ಸೊಲ್ಲಾಪುರದ ಬಳಿ ಕುಂಭಾರಿಯಲ್ಲಿ 2006ರಲ್ಲಿ ಬೀಡಿ ಕೆಲಸದ ಹೆಂಗಸರ ಕೈಸೇರಿದ 10,000 ಮನೆಗಳೂ 2024ರ ಜನವರಿಯಲ್ಲಿ ರಾಯನಗರದಲ್ಲಿ ಕಾರ್ಮಿಕರಿಗೆ ದೊರೆತ 15,000 ಮನೆಗಳೂ ಯಾರ ಭಿಕ್ಷೆಯಿಂದಲೂ ಬಂದುವಲ್ಲ. ದುಡಿಯುವವರು ಸಂಘಟಿತರಾಗಿ, ತಮ್ಮ ಪಾಲನ್ನು ಕೂಡಿಸಿ, ಸರ್ಕಾರಗಳ ಪಾಲನ್ನು ಪಡೆದು ಕಟ್ಟಿಕೊಂಡುವು.

ಸಂಸ್ಥೆಯನ್ನು ನೋಡಲು ಉತ್ಸವದ ದಿನ ಹೋಗಬಾರದು. ಆಷಾಢದ ಒಂದು ಮಂಗಳವಾರ, ಮುಂಚೆ ತಿಳಿಸದೆ ಹೋಗಬೇಕು. ಅಡಿಗೆಮನೆಯ ಪಾತ್ರೆಗಳು, ಶೌಚಾಲಯ, ಔಷಧದ ಬೀರು ಇವು ಅಧ್ಯಕ್ಷರ ಭಾಷಣಕ್ಕಿಂತ ಹೆಚ್ಚು ಹೇಳುತ್ತವೆ. ಅಲ್ಲಿನ ಆಯಾಳಿಗೆ ತಿಂಗಳ ಸಂಬಳವು ಸರಿಯಾಗಿ ಬರುವುದೋ ಎಂದು ಮೆಲ್ಲನೆ ಕೇಳಬೇಕು. ಕೊಡುವುದನ್ನು ಚೆಕ್ಕಿನಿಂದಲೋ ಬ್ಯಾಂಕಿನ ಮೂಲಕವೋ ಸಂಸ್ಥೆಯ ಹೆಸರಿಗೇ ಕೊಡಬೇಕು. 2,000 ರೂಪಾಯಿಗೆ ಮೀರಿದ ನಗದಿಗೆ ಹೇಗೂ ತೆರಿಗೆಯ ವಿನಾಯಿತಿಯಿಲ್ಲ. ಕಾರ್ಯದರ್ಶಿಯ ಸ್ವಂತ ಖಾತೆಗೆ ಹಾಕಿರೆಂದು ಹೇಳಿದರೆ ಕೈಮುಗಿದು ಎದ್ದುಬರಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಪಾಯವನ್ನೂ ಹೇಳಬೇಕು. ವಿಚಾರಣೆಯು ಜಿಪುಣನಿಗೆ ಒಳ್ಳೆಯ ನೆಪವಾಗುತ್ತದೆ. 'ಎಲ್ಲರೂ ಕಳ್ಳರು' ಎಂದು ಕೈಮಡಚಿ ಕುಳಿತವನು ವಿವೇಕಿಯಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳಲ್ಲವೆ? ಆಕೆಯ ವಿಚಾರಣೆಯು ಮೊದಲು ತನ್ನ ಮನೆಯ ಮೊರದ ಮೇಲೆಯೇ ನಡೆಯಿತು; ದಾಸೋಹವಾದರೋ ಆ ದಿನವೂ ನಿಲ್ಲಲಿಲ್ಲ. ಟವೆಲಿನ ಕಾರಖಾನೆಯ ಯಜಮಾನನು ಅನ್ನಛತ್ರಕ್ಕೆ ಲಕ್ಷ ರೂಪಾಯಿಗಳನ್ನು ಬರೆಯಿಸುವ ಮುಂಚೆ, ತನ್ನ ಮಗ್ಗದವರ ಭವಿಷ್ಯನಿಧಿಯು ಕಟ್ಟಲ್ಪಟ್ಟಿದೆಯೋ, ಕೂಲಿಯಲ್ಲಿ ಮುರಿದುಕೊಂಡದ್ದು ನ್ಯಾಯವೋ ಎಂದು ಕೇಳಿಕೊಳ್ಳಬೇಕಾದುದು ಅದೇ ಮೊರದ ಮುಂದೆ. ಆ ಬಾಕಿಯನ್ನು ತೀರಿಸದೆ ಕೊಟ್ಟ ಲಕ್ಷವು ಅವರದೇ ಅಕ್ಕಿ.

ನೆರವಾಗುತ್ತಿದ್ದ ಸಂಸ್ಥೆಯಲ್ಲಿಯೇ ದೋಷವು ಕಂಡುಬಂದರೆ ಏನು ಮಾಡುವುದು? ಊರೆಲ್ಲ ಸಾರಿ ಹಣವನ್ನು ಥಟ್ಟನೆ ನಿಲ್ಲಿಸಿದರೆ ಮರುದಿನ ಹಸಿಯುವವರು ಅಲ್ಲಿನ ವೃದ್ಧರೂ ಮಕ್ಕಳೂ, ತಪ್ಪುಮಾಡಿದವರಲ್ಲ. ಮೊದಲು ವಿಶ್ವಸ್ತರಿಗೆ ಪತ್ರದಲ್ಲಿ ಬರೆದು ಉತ್ತರಕ್ಕೆ ಕಾಯಬೇಕು. ಅಜಾಗರೂಕತೆಯಾಗಿದ್ದರೆ ಲೆಕ್ಕವನ್ನು ಬಲ್ಲ ಭಕ್ತನೊಬ್ಬನು ತಿಂಗಳಿಗೆ ಎರಡು ಸಂಜೆ ಹೋಗಿ ಪುಸ್ತಕಗಳನ್ನು ಸರಿಪಡಿಸಿಕೊಡಬಹುದು. ಇದು ಹಣಕ್ಕಿಂತ ಮೇಲಾದ ದಾಸೋಹ. ವಂಚನೆಯಾಗಿದ್ದರೆ ಧರ್ಮಾದಾಯ ಆಯುಕ್ತರಿಗೆ ದೂರನ್ನು ಕೊಡಬೇಕು, ಮಕ್ಕಳ ಆಶ್ರಮವಾಗಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಬೇಕು. ಅಲ್ಲಿಯವರೆಗೆ ಹಣದ ಬದಲು ಜೋಳ, ಬೇಳೆ, ಹಾಲುಗಳನ್ನು ಕೊಂಡು, ಅಡಿಗೆಯವಳ ಕೈಗೆ ತಾನೇ ಒಪ್ಪಿಸಿ, ಒಲೆಯ ಮೇಲೆ ಇಟ್ಟುದನ್ನು ನೋಡಿ ಬರಬಹುದು.