ಚಿತ್ರಕತೆಯ ಅನಂತ ಪೈ

ಅಕ್ಕಂದಿರೇ, ಮಕ್ಕಳ ಕೈಯಲ್ಲಿ ಚಿತ್ರಕತೆಯ ಪುಸ್ತಕ ನೋಡಿದ್ದೀರಾ? ಪುಟದ ತುಂಬ ಚೌಕ ಚೌಕ ಮನೆಗಳು. ಒಂದೊಂದು ಮನೆಯಲ್ಲೂ ಒಂದು ಚಿತ್ರ. ಚಿತ್ರದಲ್ಲಿರುವವರ ಬಾಯಿಯ ಹತ್ತಿರ ಒಂದು ಗುಳ್ಳೆ. ಗುಳ್ಳೆಯೊಳಗೆ ಅವರ ಮಾತು. ಇಂಥ ಪುಸ್ತಕಗಳನ್ನು ನಮ್ಮ ದೇಶದ ಮನೆ ಮನೆಗೆ ತಂದವರಲ್ಲಿ ದೊಡ್ಡವರು ಅನಂತ ಪೈ. ಅವರು ನಮ್ಮ ಕಾರ್ಕಳದವರು. ಗೊಮ್ಮಟನ ಬೆಟ್ಟ ಇದೆಯಲ್ಲ, ಆ ಊರು.

ಅನಂತ ಪೈ ಹುಟ್ಟಿದ್ದು 1929ರಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. 12ನೇ ವಯಸ್ಸಿಗೆ ಮುಂಬಯಿ ಸೇರಿದರು. ಕಲಿತದ್ದು ರಸಾಯನ ವಿಜ್ಞಾನ. ಮನಸ್ಸು ಮಾತ್ರ ಪುಸ್ತಕದ ಮೇಲೆ. 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ಹೊರಡಿಸಿದರು. ಅದು ನಡೆಯಲಿಲ್ಲ. ಆಮೇಲೆ ಟೈಮ್ಸ್ ಆಫ್ ಇಂಡಿಯಾದಲ್ಲಿ ಕೆಲಸಕ್ಕೆ ಸೇರಿದರು.

1967ರಲ್ಲಿ ಒಂದು ದಿನ ದೆಹಲಿಯ ಅಂಗಡಿಯೊಂದರಲ್ಲಿ ಟಿ.ವಿ. ನಡೆಯುತ್ತಿತ್ತು. ಮಕ್ಕಳಿಗೆ ಪ್ರಶ್ನೆ ಕೇಳುವ ಕಾರ್ಯಕ್ರಮ. ಪೈ ನಿಂತು ನೋಡಿದರು. ಗ್ರೀಸ್ ದೇಶದ ದೇವರ ಬಗ್ಗೆ ಕೇಳಿದಾಗ ಮಕ್ಕಳು ಥಟ್ಟಂತ ಹೇಳಿದರು. ರಾಮನ ತಾಯಿ ಯಾರು ಅಂತ ಕೇಳಿದಾಗ ಸುಮ್ಮನೆ ನಿಂತರು. ನೀವಾಗಿದ್ದರೆ? ಅಕ್ಷರ ಕಲಿಯುವ ಮೊದಲೇ ಕೌಸಲ್ಯೆ ನಿಮಗೆ ಗೊತ್ತಿತ್ತು. ಅಜ್ಜಿ ಹೇಳಿದ ಕತೆಯಲ್ಲಿ ಕೇಳಿದ್ದಿರಿ. ಕತೆ ಹೇಳುವ ಅಜ್ಜಿ ಹತ್ತಿರ ಇಲ್ಲದ ಪೇಟೆಯ ಮಕ್ಕಳು ಏನು ಮಾಡಬೇಕು?

ಪುಸ್ತಕವೇ ಹೇಳಲಿ ಎಂದು ಪೈ ಹೊರಟರು. ಇದ್ದ ಕೆಲಸ ಬಿಟ್ಟರು. ಇಂಡಿಯಾ ಬುಕ್ ಹೌಸ್‌ನವರು ಪುಸ್ತಕ ಅಚ್ಚು ಹಾಕಲು ಒಪ್ಪಿದರು. ಮಾಲೆಯ ಹೆಸರು ‘ಅಮರ ಚಿತ್ರ ಕಥೆ’. ಅದರ ಮೊದಲ ಹತ್ತು ಪುಸ್ತಕ ಸಿಂಡರೆಲಾಳಂಥ ಹೊರದೇಶದ ಕತೆಗಳು. ಹನ್ನೊಂದನೆಯದು ಪೈ ಬರೆದ ‘ಕೃಷ್ಣ’. ಚಿತ್ರ ಬಿಡಿಸಿದವರು ರಾಮ್ ವಾಯೀರ್ಕರ್.

ಚಿತ್ರಕತೆ ಬರೆಯುವವರ ಕೆಲಸ ಸುಲಭ ಅಲ್ಲ. ಯಾವ ಮನೆಯಲ್ಲಿ ಯಾರಿರಬೇಕು, ಏನು ಮಾಡುತ್ತಿರಬೇಕು ಎಂದು ಮೊದಲು ಬರೆದು ಕೊಡಬೇಕು. ಮಾತು ಚಿಕ್ಕದಾಗಿರಬೇಕು. ಗುಳ್ಳೆ ಸಣ್ಣದು ನೋಡಿ!

1980ರಲ್ಲಿ ‘ಟಿಂಕಲ್’ ಎಂಬ ಮಕ್ಕಳ ಪತ್ರಿಕೆ ಶುರುವಾಯಿತು. ಈ ಸಲ ಪತ್ರಿಕೆ ಗೆದ್ದಿತು. ಮಕ್ಕಳು ಅವರನ್ನು ‘ಅಂಕಲ್ ಪೈ’ ಎಂದು ಕರೆದರು.

ಎಲ್ಲರೂ ಹೊಗಳಲಿಲ್ಲ. ರಾಕ್ಷಸರಿಗೆ ಕಪ್ಪು ಬಣ್ಣ ಏಕೆ, ಹೆಂಗಸರು ಬರೀ ತಗ್ಗಿ ಬಗ್ಗಿ ನಡೆಯಬೇಕೇ ಎಂದು ಕೆಲವರು ಕೇಳಿದರು. ಕೇಳಬೇಕಾದ ಮಾತೇ ಅದು. ಝಾನ್ಸಿ ರಾಣಿಯ ಪುಸ್ತಕವೂ ಅದೇ ಮಾಲೆಯಲ್ಲಿದೆ ಎನ್ನುವುದೂ ನಿಜ.

ಅನಂತ ಪೈ 2011ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಮಾಡಿ ನೋಡಿ: ನಿಮ್ಮ ಅಜ್ಜಿ ಹೇಳಿದ ಒಂದು ಕತೆ ನೆನಪು ಮಾಡಿಕೊಳ್ಳಿ. ಪಾಟಿಯ ಮೇಲೆ ನಾಲ್ಕು ಮನೆ ಗೀಚಿ. ಚಿತ್ರ ಬಾರದಿದ್ದರೆ ಬೇಡ. ಯಾರು ಏನು ಹೇಳಿದರು ಎಂದು ಗುಳ್ಳೆಯಲ್ಲಿ ಬರೆಯಿರಿ.